ಲಂಡನ್ ಒಂಟೆ ಮತ್ತು ಗದ್ವಾಲದ ಬೀಗರು

೨೦೧೯ರ ಫೆಬ್ರುವರಿ ೧೭ರಂದು ನಾರಾಯಣಪೇಟೆ ಜಿಲ್ಲೆಯಾಯಿತು. ರಾಯಚೂರಿನಲ್ಲಿ ಅಚ್ಚಾಗುವ ಕನ್ನಡ ಪತ್ರಿಕೆಯೊಂದಕ್ಕೆ ಆ ಸುದ್ದಿ ಕಳಿಸಿದವನು ನಾನು. ಪ್ರತ್ಯೇಕ ತೆಲಂಗಾಣ ಬಂದಾಗಲೂ ಕಳಿಸಿದ್ದೆ, ಆದರೆ ಆಗ ನಾನು ಬರೀ ವರದಿಗಾರ. ಜಿಲ್ಲೆಯಾದ ಮೇಲೆ ಜಿಲ್ಲಾ ವರದಿಗಾರನಾದೆ. ಕೆಲಸ ಬದಲಾಗಲಿಲ್ಲ, ಕಾಯುವುದು ಹೆಚ್ಚಾಯಿತು. ಜಿಲ್ಲೆ ಬಂದರೆ ಏನೇನು ಬರುತ್ತದೆ ಎಂದು ಊರಿನ ಜನ ಒಬ್ಬರನ್ನೊಬ್ಬರು ಕೇಳುತ್ತಿದ್ದ ಕಾಲ ಅದು. ನನ್ನ ಮಟ್ಟಿಗೆ ಬಂದದ್ದು ಪತ್ರಿಕಾಗೋಷ್ಠಿಗಳು. ಹನ್ನೊಂದಕ್ಕೆ ಕರೆದ ಗೋಷ್ಠಿ ಹನ್ನೊಂದಕ್ಕೇ ಆರಂಭವಾದರೆ ಅದು ಗೋಷ್ಠಿಗೇ ಅವಮಾನ ಎಂಬ ನಂಬಿಕೆ ಹಳೆಯ ಜಿಲ್ಲೆಯಿಂದ ಹೊಸ ಜಿಲ್ಲೆಗೆ ಪಾಲಿನಲ್ಲಿ ಬಂದಿತ್ತು. ಮುಖಂಡರು ದಯಮಾಡಿಸುವವರೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಮಾಡುವುದೇನು? ಕೆಲವರು ನಿದ್ದೆ ಮಾಡಿದರು, ಕೆಲವರು ರಾಜಕೀಯ ಮಾತಾಡಿದರು. ನಾನು ಮೊಬೈಲಿನಲ್ಲಿ ಚದುರಂಗ ಕಲಿತೆ.

ಮೊಬೈಲ್ ಚದುರಂಗದಲ್ಲಿ ಎದುರಾಳಿಯ ಮುಖ ಕಾಣುವುದಿಲ್ಲ. ಆತ ಬ್ರೆಜಿಲಿನವನೋ ಬೀದರಿನವನೋ ಗೊತ್ತಾಗುವುದಿಲ್ಲ. ಆತ ಮೊದಲ ನಡೆ ಇಟ್ಟ ಮೇಲೂ, ನಾವು ನಮ್ಮ ಮೊದಲ ನಡೆ ಇಡುವ ಮುನ್ನ, ಮೂಲೆಯಲ್ಲಿರುವ ಒಂದು ಸಣ್ಣ ಗುಣಾಕಾರ ಚಿಹ್ನೆಯನ್ನು ಒತ್ತಿ ಎದ್ದು ಹೋಗಬಹುದು. ಅಂಕ ಕಳೆಯುವುದಿಲ್ಲ, ಮಾನ ಕಳೆಯುವುದಿಲ್ಲ, ಆಟ ನಡೆದೇ ಇರಲಿಲ್ಲ ಎಂದಾಗುತ್ತದೆ. ಪದೇ ಪದೇ ಹೀಗೆ ಮಾಡಿದರೆ ಮಾತ್ರ, ದಯವಿಟ್ಟು ಆಟಗಳನ್ನು ಅರ್ಧಕ್ಕೆ ಬಿಡಬೇಡಿ ಎಂದು ಒಂದು ಸೂಚನೆ ಬರುತ್ತದೆ. ಅದು ಎಷ್ಟು ಸೌಮ್ಯವಾದ ಭಾಷೆಯಲ್ಲಿರುತ್ತದೆ ಎಂದರೆ, ಓದಿದಾಗ ನಾವು ಮಾಡಿದ್ದು ಸರಿಯೇ ಇರಬೇಕು ಅನ್ನಿಸುತ್ತದೆ.

ಆ ಚಿಹ್ನೆಯನ್ನು ನಾನು ಒಂದೇ ಒಂದು ಕಾರಣಕ್ಕೆ ಒತ್ತುತ್ತಿದ್ದೆ. ಎದುರಾಳಿ ಮಂತ್ರಿಯ ಮುಂದಿನ ಪ್ಯಾದೆಯನ್ನು ಎರಡು ಮನೆ ಮುಂದಿಟ್ಟರೆ ನನ್ನ ಬೆರಳು ತಾನಾಗಿ ಮೂಲೆಗೆ ಹೋಗುತ್ತಿತ್ತು. ಆ ಪ್ಯಾದೆ ನಡೆದರೆ, ಅದರ ಹಿಂದೆಯೇ ಒಂಟೆ, ಅಂದರೆ ಇಂಗ್ಲಿಷಿನವರ ಬಿಷಪ್, ಹೊರಗೆ ಬರುವ ಸಂಭವವಿದೆ. ಹಾಗೆ ಒಂಟೆ ಹೊರಗೆ ಬರುವ ಆಟಕ್ಕೆ ಲಂಡನ್ ಎಂದು ಹೆಸರು. ಆಮೇಲೆ ಒಂದೇ ಮನೆ ಸರಿಯುವ ಒಂದು ಸಣ್ಣ ಪ್ಯಾದೆ, ಒಂದು ಕುದುರೆ, ಇನ್ನೊಂದು ಸಣ್ಣ ಪ್ಯಾದೆ, ಎರಡನೆಯ ಒಂಟೆ, ಎರಡನೆಯ ಕುದುರೆ. ನಾವು ಇತ್ತ ಬೆಂಕಿ ಹಚ್ಚಿದರೂ, ನೀರು ಸುರಿದರೂ, ಆತ ಇಡುವುದು ಅವೇ ನಡೆಗಳು, ಅದೇ ಕ್ರಮದಲ್ಲಿ. ಸೋಲಿಗಿಂತ ನನಗೆ ಸಹಿಸಲಾಗದ್ದು, ನಾನು ಅಲ್ಲಿ ಇದ್ದೇನೆ ಎಂಬುದೇ ಆತನಿಗೆ ಗೊತ್ತಿಲ್ಲವಲ್ಲ ಎಂಬುದು. ಸಿದ್ಧಪಡಿಸಿದ ಭಾಷಣ ಓದುವ ಮುಖಂಡರ ಎದುರು ಕುಳಿತಂತೆ.

ಇದು ನನ್ನೊಬ್ಬನ ರೋಗವಲ್ಲ ಎಂದು ವಿಚಾರಿಸಿ ತಿಳಿದುಕೊಂಡೆ. ಒಂದೇ ಮೂಲದ ಮೇಲೆ ಸುದ್ದಿ ಬರೆಯಬಾರದೆಂಬುದು ನಮ್ಮ ಡೆಸ್ಕಿನ ಪಾಠ. ಪಕ್ಕದ ಕುರ್ಚಿಯ ತೆಲುಗು ಪತ್ರಿಕೆಯ ಗೆಳೆಯ, ಎದುರಾಳಿ ಪುಸ್ತಕ ಓದಿಕೊಂಡು ಬಂದಂತೆ ಚಕಚಕನೆ ನಡೆಸಿದರೆ ಎದ್ದುಬಿಡುತ್ತಾನೆ. "ಇದಿ ಆಟ ಕಾದನ್ನಾ, ಪರೀಕ್ಷ" ಎನ್ನುತ್ತಾನೆ, ಇದು ಆಟವಲ್ಲಣ್ಣ, ಪರೀಕ್ಷೆ ಎಂದು. ಪರೀಕ್ಷೆಗಳಿಂದ ತಪ್ಪಿಸಿಕೊಳ್ಳಲೆಂದೇ ಪತ್ರಿಕೆಗೆ ಸೇರಿದವನು ಅವನು. ಧನ್ವಾಡದ ಮೇಷ್ಟ್ರೊಬ್ಬರಿಗೆ ಕುದುರೆ ನುಗ್ಗಿ ಬಂದು ರಾಜನ ಪಕ್ಕದ ಪ್ಯಾದೆಯನ್ನು ಕಡಿಯುವ ಒಂದು ದಾಳಿ ಕಂಡರೆ ಭಯ. ಆ ದಾಳಿಗೆ ಇಂಗ್ಲಿಷಿನಲ್ಲಿ ಕರಿದ ಲಿವರ್ ಎಂಬರ್ಥದ ಹೆಸರಿದೆ ಎಂದು ಗೊತ್ತಾದ ದಿನದಿಂದ ಅವರ ಭಯಕ್ಕೆ ಗೌರವದ ಅಂಗಿ ಸಿಕ್ಕಿದೆ. "ನಾವು ಲಿಂಗ ಕಟ್ಟಿದ ಮಂದಿರೀ, ಅಂಥಾದ್ದು ಆಡಂಗಿಲ್ಲ" ಎನ್ನುತ್ತಾರೆ. ಸೋಲುತ್ತೇನೆ ಎಂದು ಎದ್ದವರು ಯಾರೂ ಇಲ್ಲ. ಒಬ್ಬರು ತತ್ವಕ್ಕಾಗಿ ಎದ್ದಿದ್ದಾರೆ, ಒಬ್ಬರು ಧರ್ಮಕ್ಕಾಗಿ, ನಾನು ಸೃಜನಶೀಲತೆಗಾಗಿ. ಪತ್ರಿಕಾಗೋಷ್ಠಿಯಲ್ಲಿ ಮೊದಲ ಪ್ರಶ್ನೆ ಬಿದ್ದೊಡನೆ ಶಾಲು ಸರಿಪಡಿಸಿಕೊಂಡು ಏಳುವ ಮುಖಂಡರನ್ನು ನಾವು ಪತ್ರಕರ್ತರಿಬ್ಬರೂ ಕಟುವಾಗಿ ಟೀಕಿಸಿ ಬರೆದಿದ್ದೇವೆ ಎಂಬುದನ್ನು ದಾಖಲೆಗಾಗಿ ಇಲ್ಲಿ ಹೇಳಬೇಕು.

ಈ ಅಭ್ಯಾಸ ಮೊಬೈಲಿನೊಳಗೇ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಅದು ಹೊರಗೆ ಬಂದದ್ದು ನನ್ನ ಮಗಳ ಸಂಬಂಧದ ಮಾತುಕತೆಯಲ್ಲಿ.

ಮಗಳು ಶ್ರೀದೇವಿ ಮರಿಕಲ್‌ನಲ್ಲಿ ಕಾಲೇಜು ಮಕ್ಕಳಿಗೆ ಅರ್ಥಶಾಸ್ತ್ರ ಹೇಳುತ್ತಾಳೆ. ನನ್ನ ಹೆಂಡತಿ ಗಿರಿಜಾಳ ಅಣ್ಣ ಶಿವಶರಣಪ್ಪ ಮಕ್ತಲ್‌ನಲ್ಲಿ ಗೊಬ್ಬರದ ಅಂಗಡಿ ಇಟ್ಟವರು. ಬಿಡುವಿನ ವೇಳೆಯಲ್ಲಿ ಸಂಬಂಧ ಕೂಡಿಸುತ್ತಾರೆ. ಅವರು ತಂದ ಹುಡುಗ ವೀರೇಶ, ವಡ್ಡೆಪಲ್ಲಿಯಲ್ಲಿ ಕೃಷಿ ಇಲಾಖೆಯವನು, ಹತ್ತಿಯ ಹುಳಗಳ ಬಗ್ಗೆ ಕೇಳಿದರೆ ಮಾತ್ರ ಮಾತಾಡುವವನು. ಅವನ ತಂದೆ ಚನ್ನಬಸಪ್ಪನವರದು ಗದ್ವಾಲದಲ್ಲಿ ಸೀರೆ ಅಂಗಡಿ. ಗದ್ವಾಲದವರು ನಾರಾಯಣಪೇಟೆಗೆ ಹೆಣ್ಣು ನೋಡಲು ಬರುವುದೆಂದರೆ ಎರಡು ಸೀರೆಗಳ ಶೃಂಗಸಭೆ. ಮಗಳಿಗೆ ಗದ್ವಾಲ ಸೀರೆ ಉಡಿಸಿದರೆ ಶರಣಾಗತಿ, ನಾರಾಯಣಪೇಟೆ ಸೀರೆ ಉಡಿಸಿದರೆ ಸವಾಲು. ಗಿರಿಜಾ ಮಗಳಿಗೆ ಅವರೂರಿನದನ್ನು ಉಡಿಸಿ, ತಾನು ನಮ್ಮೂರಿನದನ್ನು ಉಟ್ಟುಕೊಂಡಳು. ಚನ್ನಬಸಪ್ಪನವರು ಎರಡನ್ನೂ ನೋಡಿ ತಲೆದೂಗಿದರು. ಹುಡುಗ ಹುಡುಗಿ ಹಿತ್ತಲ ಕಡೆ ಹೋಗಿ ಮಾತಾಡಿ ಬಂದರು. ಬಂದಾಗ ಇಬ್ಬರ ಮುಖವೂ ತಿಳಿಯಾಗಿತ್ತು. ಎಲ್ಲ ಸರಿಯಾಗಿತ್ತು. ಆಗ ಮಂಚದ ಮೇಲಿದ್ದ ನನ್ನ ಮೊಬೈಲ್ ಬೆಳಗಿತು.

"ಏನ್ರೀ ಬೀಗರ, ಮೊಬೈಲ್‌ನ್ಯಾಗ ಕುದರಿ ಕಾಣಾಕತ್ತೈತಲ್ಲ?" ಎಂದರು ಚನ್ನಬಸಪ್ಪನವರು. "ಚದುರಂಗ ಆಡ್ತೀರೇನು?"

"ಟೈಮ್ ಸಿಕ್ಕಾಗ ಆಡ್ತೀನ್ರಿ."

"ಹಂಗಾದ್ರ ಸಂಬಂಧ ಗಟ್ಟಿ ಆತು ತಿಳ್ಕೋರಿ! ನಮ್ಮ ಮನ್ಯಾಗ ಒಬ್ಬರೂ ಆಡಂಗಿಲ್ಲ. ಇವಗ ಹೊಲ, ಹುಳ, ಇಷ್ಟ ಗೊತ್ತು. ದಿನಾ ಸಂಜಿಗೆ ಒಂದಾಟ ಹಚ್ಚೂಣು. ನೀವು ಅಲ್ಲಿಂದ, ನಾ ಇಲ್ಲಿಂದ. ಬಿಳಿ ನಮ್ದು."

"ಬಿಳಿ ಯಾವಾಗ್ಲೂ ನಿಮ್ದೇನ್ರಿ?"

"ಮತ್ತ? ಗಂಡಿನ ಕಡಿಯೋರು ನಾವು. ಮೊದ್ಲು ಮಾತು ಎತ್ತೋರು ನಾವ ಅಲ್ಲೇನು?"

ಇದಕ್ಕೆ ಗಿರಿಜಾ ಬಾಗಿಲಲ್ಲೇ ನಿಂತು "ಪದ್ಧತಿ ಹಂಗ ಐತ್ರಿ" ಎಂದು ಒಪ್ಪಿಗೆ ಕೊಟ್ಟುಬಿಟ್ಟಳು. ಚದುರಂಗದ ನಿಯಮಗಳನ್ನು ಬರೆದವರು ಎಂದೂ ಹೆಣ್ಣು ಕೊಟ್ಟವರಲ್ಲ. ಕೊಟ್ಟಿದ್ದರೆ ಕರಿಯವನಿಗೂ ಏನಾದರೂ ಒಂದು ಅನುಕೂಲ ಇಟ್ಟಿರುತ್ತಿದ್ದರು.

ಮರುದಿನ ಸಂಜೆ ಗದ್ವಾಲದಿಂದ ಆಹ್ವಾನ ಬಂತು. ಒಪ್ಪಿದೆ. ಮಂತ್ರಿಯ ಮುಂದಿನ ಪ್ಯಾದೆ ಎರಡು ಮನೆ ಮುಂದೆ ಬಂತು. ನನ್ನ ಬೆರಳು ಮೂಲೆಯ ಕಡೆಗೆ ಹೊರಟಿತ್ತು, ಎಳೆದುಕೊಂಡೆ. ಮಗಳ ಮಾವನಾಗುವವರು. ಎರಡನೆಯ ನಡೆಗೆ ಒಂಟೆ ಹೊರಗೆ ಬಂತು. ಆಮೇಲೆ ಸಣ್ಣ ಪ್ಯಾದೆ, ಕುದುರೆ, ಇನ್ನೊಂದು ಸಣ್ಣ ಪ್ಯಾದೆ. ನಾನು ಕುದುರೆ ನೆಗೆಸಿದೆ, ಅವರು ತಮ್ಮ ಮನೆ ಕಟ್ಟಿದರು. ನಾನು ಪ್ಯಾದೆ ಬಲಿ ಕೊಟ್ಟೆ, ಅವರು ಅದನ್ನು ತೆಗೆದುಕೊಳ್ಳಲೂ ಇಲ್ಲ, ಕಟ್ಟಿದರು. ಕೊನೆಗೆ ನನಗೆ ಆಡಲು ಜಾಗವೇ ಉಳಿಯಲಿಲ್ಲ. ಅವರು ಗೆದ್ದರು ಎನ್ನುವುದಕ್ಕಿಂತ ನಾನು ಕರಗಿದೆ ಎನ್ನುವುದು ಸರಿಯಾದ ವರದಿ. ಆಟ ಮುಗಿದೊಡನೆ ಫೋನು ಬಂತು.

"ಹ್ಯಾಂಗ ಐತ್ರಿ ನಮ್ಮ ಮನಿ ಕಟ್ಟೋದು?"

"ಚಲೋ ಐತ್ರಿ. ಇದಕ್ಕ ಲಂಡನ್ ಅಂತಾರ."

"ಯಾರಂತಾರ? ನಮ್ಮ ಮುತ್ಯಾ ಗದ್ವಾಲ ಕಿಲ್ಲೆದ ಮುಂದ ಕಟ್ಟಿ ಮ್ಯಾಲ ಕುಂತು ಹಿಂಗ ಆಡ್ತಿದ್ದ. ಆಗ ಮೊದ್ಲು ಇಬ್ರೂ ತಮ್ಮ ತಮ್ಮ ಮನಿ ಕಟ್ಕೊಂಡು, ಆಮ್ಯಾಲ ಗಡಿ ದಾಟೋದು. ಲಂಡನ್‌ನೋರು ಇಲ್ಲಿಂದ ಒಯ್ದಿರಬೇಕು ತಗೋರಿ. ಏನೇನು ಒಯ್ದಾರ, ಇದೊಂದು ಬಿಟ್ಟಿರ್ತಾರೇನು?"

ಈ ಹೇಳಿಕೆಯನ್ನು ಸ್ವತಂತ್ರವಾಗಿ ಪರಿಶೀಲಿಸಲು ನನಗೆ ಸಾಧ್ಯವಾಗಿಲ್ಲ. ಮರುದಿನ ಸಂಜೆಯೂ ಅವರು ಅದೇ ಮನೆ ಕಟ್ಟಿದರು, ನಾನು ಅದೇ ಅಂಗಳದಲ್ಲಿ ಉಸಿರುಗಟ್ಟಿದೆ. ಅದರ ಮರುದಿನ ನಾನು ಆಗಷ್ಟೇ ಒಂದು ಗೋಷ್ಠಿಯಿಂದ ಬಂದಿದ್ದೆ. ಒಬ್ಬರು ಒಂದು ತಾಸು ಮಾತಾಡಿ ಏನೂ ಹೇಳದೆ ಬಿಟ್ಟಿದ್ದರು. ತಲೆ ಕಾದಿತ್ತು. ಗದ್ವಾಲದ ಪ್ಯಾದೆ ತೆರೆಯ ಮೇಲೆ ಬಂದು ನಿಂತಿತು. ನನ್ನ ಬೆರಳು ನನ್ನನ್ನು ಕೇಳದೆ ಹೋಗಿ ಗುಣಾಕಾರ ಚಿಹ್ನೆಯನ್ನು ಒತ್ತಿತು. ಇನ್ನೊಮ್ಮೆ ಆಹ್ವಾನ ಬಂತು. ಇನ್ನೊಮ್ಮೆ ಒತ್ತಿತು. ಒಂದು ಸಲ ತಪ್ಪಿದ ಬೆರಳಿಗೆ ಎರಡನೆಯ ಸಲ ಧೈರ್ಯ ಬರುತ್ತದೆ.

ಬೀಗರು ಫೋನು ಮಾಡಿದರು. ನೆಟ್‌ವರ್ಕ್ ಇಲ್ಲ ಎಂದೆ.

"ಜಿಲ್ಲಾ ಕೇಂದ್ರದಾಗ ನೆಟ್‌ವರ್ಕ್ ಇಲ್ಲೇನ್ರಿ?" ಎಂದರು. "ನಮ್ದು ನಿಮಗಿಂತ ಮೊದ್ಲು ಜಿಲ್ಲಾ ಆಗೈತಿ. ಇಲ್ಲಿ ಹಿಂಗ ಆಗಂಗಿಲ್ಲ." ನಾನು ನಕ್ಕೆ. ಅವರು ನಗಲಿಲ್ಲ ಎಂಬುದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮುಂದಿನ ಸಂಜೆಗಳಲ್ಲೂ ನೆಟ್‌ವರ್ಕ್ ಹೋಯಿತು. ಒಂದು ಸಂಜೆ ಕರೆಂಟೂ ಹೋಯಿತು. ಮೊಬೈಲಿಗೂ ಕರೆಂಟಿಗೂ ಏನು ಸಂಬಂಧ ಎಂದು ಅವರು ಕೇಳಲಿಲ್ಲ, ಕೇಳದೆ ಇದ್ದದ್ದೇ ಕೆಟ್ಟ ಲಕ್ಷಣ. ಆಮೇಲೆ ಆಹ್ವಾನಗಳೇ ನಿಂತವು. ನಾನು ಹಾಯಾಗಿ ಬ್ರೆಜಿಲಿನವರ ಜತೆ ಆಡುತ್ತಿದ್ದೆ.

ಮಕ್ತಲ್‌ನಿಂದ ಭಾವನ ಫೋನು ಬಂತು. ಶಿವಶರಣಪ್ಪನವರು ನನ್ನನ್ನು ಕರೆಯುವ ಬಗೆಯಿಂದಲೇ ವಿಷಯದ ತೂಕ ತಿಳಿಯುತ್ತದೆ. ಮಾಮೂಲು ದಿನ "ಏನ್ರೀ" ಎನ್ನುತ್ತಾರೆ. ಅಂದು "ರಿಪೋರ್ಟರ್ ಸಾಹೇಬ್ರ" ಎಂದರು.

"ರಿಪೋರ್ಟರ್ ಸಾಹೇಬ್ರ, ನಿಶ್ಚಯ ಮುಂದಕ್ಕ ಹೋತು. ಗದ್ವಾಲದೋರು ಯೋಚನಿ ಮಾಡಿ ಹೇಳ್ತೀವಿ ಅಂದಾರ."

"ಯಾಕ್ರಿ ಭಾವ? ಎಲ್ಲಾ ಒಪ್ಪಿದ್ರಲ್ಲ?"

"ನೀವು ಎಲಿ ಹಾಕಿದ ಮ್ಯಾಲ ಎದ್ದೀರಂತ."

ನಾನು ಗದ್ವಾಲದಲ್ಲಿ ಈವರೆಗೆ ಊಟಕ್ಕೇ ಕೂತಿಲ್ಲ ಎಂದೆ. ಭಾವ ನಿಧಾನವಾಗಿ ಬಿಡಿಸಿ ಹೇಳಿದರು. ನಮ್ಮ ಕಡೆ ಒಂದು ಪದ್ಧತಿ ಇದೆ. ಕರೆದ ಮನೆಗೆ ಹೋಗದಿದ್ದರೆ ನಡೆದೀತು; ಹೋಗಿ ಊಟ ಒಲ್ಲೆ ಎಂದರೂ ನಡೆದೀತು. ಆದರೆ ಎಲೆ ಹಾಕಿ, ಎಲೆಯ ತುದಿಗೆ ಉಪ್ಪು ಬಡಿಸಿದ ಮೇಲೆ ಎದ್ದರೆ, ಎದ್ದವನಿಗೂ ಬಡಿಸಿದವನಿಗೂ ಆಮೇಲೆ ಮಾತಿಲ್ಲ. ಹಳೆಯ ದಾಯಾದಿ ಜಗಳಗಳ ಬುಡ ಕೆದಕಿದರೆ ಹೊಲ ಗದ್ದೆ ಸಿಗುವುದು ಕಡಿಮೆ, ಇಂಥ ಎಲೆಯೊಂದು ಸಿಗುತ್ತದೆ. ಚನ್ನಬಸಪ್ಪನವರ ಲೆಕ್ಕದಲ್ಲಿ ಆಹ್ವಾನ ಒಪ್ಪಿದ್ದು ಎಲೆಯ ಮುಂದೆ ಕೂತಂತೆ, ಅವರ ಮೊದಲ ಪ್ಯಾದೆ ಉಪ್ಪು ಬಡಿಸಿದಂತೆ. ನಾನು ಉಪ್ಪು ಕಂಡು ಎದ್ದಿದ್ದೆ. ಅದೂ ಒಂದು ಸಲವಲ್ಲ.

"ಅವರಿಗೆ ಗೊತ್ತಾತೇನ್ರಿ, ನಾ ಬೇಕಂತ ಒತ್ತಿದ್ದು?"

"ಬ್ಯಾರೆ ಮಂದಿ ಕೂಡ ನೀವು ಆಡಾಕತ್ತಿದ್ದು ಅವರಿಗೆ ಅದೇ ಮೊಬೈಲ್‌ನ್ಯಾಗ ಹಸಿರು ದೀಪ ಹತ್ತಿ ಕಾಣತೈತಂತ. ಕರೆಂಟ್ ಹೋದಾಗೂ ಹತ್ತಿತ್ತಂತ. 'ನಮ್ಮ ಒಂದು ಪ್ಯಾದಿ ಎದುರು ಕೂಡಾಕ ಆಗದೋರು, ನಾಳೆ ಮಕ್ಕಳಿಗೆ ಕಷ್ಟ ಬಂದ್ರ ನಿಂತಾರೇನು?' ಅಂದ್ರು. ನಾ ಏನು ಹೇಳ್ಲಿ? ಇಜ್ಜತ್ ಪ್ರಶ್ನಿ ಮಾಡ್ಯಾರ."

ಮನೆಯಲ್ಲಿ ವಿಚಾರಣೆ ಅಡುಗೆಮನೆಯ ಬಾಗಿಲಲ್ಲಿ ನಡೆಯಿತು. ಗಿರಿಜಾ ರೊಟ್ಟಿ ತಟ್ಟುತ್ತಿದ್ದಳು. ನನ್ನ ಉತ್ತರ ಹಿಡಿಸದಾಗ ತಟ್ಟುವ ಸದ್ದು ಹೆಚ್ಚುತ್ತಿತ್ತು. ಇದು ಸೋಲಿನ ಭಯವಲ್ಲ, ದಿನಾ ಅದೇ ಅದೇ ನಡೆ, ಬೇಜಾರು ಬರುತ್ತದೆ, ಆಟದಲ್ಲಿ ಹೊಸತನ ಬೇಕು ಎಂದು ನಾನು ವಿವರಿಸಿದೆ. ರೊಟ್ಟಿ ತಟ್ಟುವುದು ನಿಂತಿತು.

"ದಿನಾ ಅದೇ ಮಾತು ಅಂದ್ರ ನಿಮಗ ಬ್ಯಾಸರ ಆಗತೈತೇನು? ಲಗ್ನ ಆದಾಗಿಂದ ದಿನಾ ಮನಿಗೆ ಬಂದು ಚಪ್ಲಿ ಬಿಡೂಕ ಮೊದ್ಲ 'ಏನು ಅಡಿಗಿ?' ಅಂತೀರಿ. ಬ್ಯಾರೆ ಮಾತು ಇಲ್ಲ. ನಾ ಒಂದಿನಾದ್ರೂ ಎದ್ದು ಹೋಗೀನೇನು?"

ಪತ್ರಿಕಾ ವೃತ್ತಿಯಲ್ಲಿ ಉತ್ತರವಿಲ್ಲದ ಪ್ರಶ್ನೆಗೆ 'ಪ್ರತಿಕ್ರಿಯೆಗೆ ಲಭ್ಯರಾಗಲಿಲ್ಲ' ಎಂಬ ಸಾಲು ಇದೆ. ನಾನು ಲಭ್ಯನೇ ಇದ್ದೆ, ಆಕೆಯ ಎದುರೇ ಇದ್ದೆ, ಅದೇ ಕಷ್ಟವಾಗಿತ್ತು. ಆಗ ಮಗಳು ಒಳಗಿನಿಂದ ಬಂದಳು. ಅವಳು ಸಿಟ್ಟಾದರೆ ಧ್ವನಿ ಏರಿಸುವುದಿಲ್ಲ, ಪಾಠ ಹೇಳುವ ಧ್ವನಿಗೆ ಇಳಿಯುತ್ತಾಳೆ.

"ಅಪ್ಪ, ನನಗ ಬಂದ ಸಂಬಂಧಗಳ್ನೆಲ್ಲ ನಾ ಬ್ಯಾಡ ಅಂದೆ, ನೀ ಒಂದು ಮಾತು ಅನ್ನಲಿಲ್ಲ. ಇದೊಂದು ಬೇಕು ಅಂದೀನಿ. ನಾ ಅವರ ಮನಿ ಒಪ್ಪೀನಿ. ನೀ ಅವರಪ್ಪನ ಒಂದು ಪ್ಯಾದಿ ಒಪ್ಪಾಕ ಆಗಂಗಿಲ್ಲೇನು?"

ಇಷ್ಟು ಹೇಳಿ ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ವಾರ ಒಂದು ಗೋಷ್ಠಿಯಲ್ಲಿ ಮುಖಂಡರೊಬ್ಬರು ಮೊದಲ ಪ್ರಶ್ನೆಗೇ ಎದ್ದು ಹೋದರು. ಪಕ್ಕದ ಕುರ್ಚಿಯವನು 'ಪ್ರಶ್ನೆಗೆ ಹೆದರಿ ಪಲಾಯನ' ಎಂದು ಬರೆದ. ನಾನು 'ಪೂರ್ವನಿಗದಿತ ಕಾರ್ಯಕ್ರಮದ ನಿಮಿತ್ತ ನಿರ್ಗಮಿಸಿದರು' ಎಂದು ಬರೆದೆ. ಡೆಸ್ಕಿನಿಂದ ಫೋನು ಮಾಡಿ ಯಾವ ಕಾರ್ಯಕ್ರಮ ಎಂದು ಕೇಳಿದರು. ಯಾವುದಾದರೂ ಇದ್ದೇ ಇರುತ್ತದೆ, ಪಾಪ, ಎಂದೆ.

ಭಾವನೇ ದಾರಿ ತೆಗೆದರು. ಮೊಬೈಲ್ ಬೇಡ, ನೇರ ಗದ್ವಾಲಕ್ಕೆ ಹೋಗಿ, ಅವರ ಅಂಗಡಿಯಲ್ಲಿ, ಅವರ ಹಲಗೆಯ ಮೇಲೆ, ಅವರ ಎದುರು ಕೂತು ಒಂದು ಆಟ ಆಡಿ ಮುಗಿಸಿ ಬರುವುದು. ಆಟ ಮುಗಿಯುವ ತನಕ ನಾನು ಏಳಬಾರದು. ಎದ್ದರೆ ಸಂಬಂಧವೂ ಏಳುತ್ತದೆ. ಚನ್ನಬಸಪ್ಪನವರು ಒಪ್ಪಿದರು. ಒಂದು ಭಾನುವಾರ ನಿಗದಿಯಾಯಿತು.

ಅಷ್ಟರೊಳಗೆ ನಾನು ಲಂಡನ್ ಆಟದ ಮರ್ಮ ಹುಡುಕಿದೆ. ಯಾರೋ ಹುಡುಗ ಹಿಂದಿಯಲ್ಲಿ ವಿವರಿಸಿದ ಒಂದು ವಿಡಿಯೋ ಸಿಕ್ಕಿತು. ವಿಷಯ ಇಷ್ಟೇ: ಒಂಟೆ ಮನೆ ಬಿಟ್ಟು ಹೊರಗೆ ಬಂದಾಗ, ಅದು ಕಾಯುತ್ತಿದ್ದ ಪಕ್ಕದ ಪ್ಯಾದೆ ಅನಾಥವಾಗುತ್ತದೆ. ಕರಿಯವನು ಒಂದು ಪ್ಯಾದೆ ಸರಿಸಿ ದಾರಿ ಮಾಡಿಕೊಂಡು, ಮಂತ್ರಿಯನ್ನು ಪಕ್ಕಕ್ಕೆ ತಂದು ಆ ಅನಾಥನ ಮೇಲೆ ಕಣ್ಣಿಟ್ಟರೆ ಸಾಕು, ಕಟ್ಟುವವನು ಕಟ್ಟುವುದನ್ನು ಬಿಟ್ಟು ಕಾಯಬೇಕಾಗುತ್ತದೆ. ಮಂತ್ರಿಗೆ ನಮ್ಮ ಕಡೆ ವಜೀರ ಎನ್ನುತ್ತಾರೆ. ನಿಜಾಮರು ಹೋದರು, ರಾಜ್ಯಗಳು ಕೂಡಿದವು, ಒಡೆದವು, ಜಿಲ್ಲೆಗಳು ಹುಟ್ಟಿದವು. ವಜೀರ ಮಾತ್ರ ಹುದ್ದೆಯಲ್ಲಿ ಮುಂದುವರಿದಿದ್ದಾನೆ.

ಆ ಭಾನುವಾರ ಬಾಡಿಗೆ ಕಾರಿನಲ್ಲಿ ಹೊರಟೆವು, ಮಕ್ತಲ್‌ನಲ್ಲಿ ಭಾವ ಹತ್ತಿಕೊಂಡರು. ಗಿರಿಜಾ ಹಿಂದಿನ ಸೀಟಿನಲ್ಲಿ ಹಣ್ಣಿನ ಬುಟ್ಟಿ ಹಿಡಿದು ಕೂತಿದ್ದಳು, ನನ್ನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿರುವವಳಂತೆ. ಜೂರಾಲ ಅಣೆಕಟ್ಟಿನ ಮೇಲೆ ಕೃಷ್ಣೆ ದಾಟುವಾಗ ನಾನು ಭಾವನಿಗೆ ವಜೀರನ ಗುಟ್ಟು ಹೇಳಿ, ಗೆಲ್ಲುತ್ತೇನೆ ಅನ್ನಿಸುತ್ತದೆ ಎಂದೆ. ಅವರು ಗಾಬರಿಯಾದರು.

"ಗೆಲ್ಲಬ್ಯಾಡ್ರಿ! ಅವರ ಅಂಗಡ್ಯಾಗ, ಅವರ ಗಿರಾಕಿ ಮುಂದ ಗೆದ್ರ ಇನ್ನೊಂದು ತಕರಾರು."

"ಹಂಗಾದ್ರ ಸೋಲ್ತೀನಿ."

"ಬೇಕಂತ ಸೋಲಬ್ಯಾಡ್ರಿ. ಅವರಿಗೆ ತಿಳಿತೈತಿ. ಭಿಕ್ಷಾ ಹಾಕಿದಂಗ ಆಗತೈತಿ."

"ಮತ್ತ ಏನು ಮಾಡ್ಲಿ ಭಾವ?"

ಭಾವ ನೀರು ನೋಡುತ್ತ ಯೋಚಿಸಿದರು. "ನೀವು ಯಾವಾಗ್ಲೂ ಆಡಿದಂಗ ಆಡ್ರಿ. ಅಷ್ಟ ಸಾಕು" ಎಂದರು. ಗಿರಿಜಾ ಹಿಂದಿನಿಂದ ಹೌದೆಂದಳು.

ಗದ್ವಾಲದ ಅಂಗಡಿಯಲ್ಲಿ ಬಿಳಿ ಗಾದಿಯ ಮೇಲೆ ಹಲಗೆ ಸಿದ್ಧವಾಗಿತ್ತು. ಕಾಯಿಗಳು ಕಟ್ಟಿಗೆಯವು, ಹಳೆಯವು. ಒಂದು ಕುದುರೆಗೆ ಕಿವಿ ಇರಲಿಲ್ಲ. ಸುತ್ತ ಗೋಡೆಗೆ ಸೀರೆಗಳ ಸಾಲು. ಒಳಬಾಗಿಲ ಪರದೆಯ ಹಿಂದೆ ಚನ್ನಬಸಪ್ಪನವರ ಹೆಂಡತಿ, ಅವರ ಪಕ್ಕಕ್ಕೆ ಹೋಗಿ ಕೂತ ಗಿರಿಜಾ. ವೀರೇಶ ತಂದೆಯ ಬೆನ್ನಿಗೆ ನಿಂತಿದ್ದ, ರೋಗ ಬಿದ್ದ ಹೊಲದ ಅಂಚಿಗೆ ನಿಂತಂತೆ. ಚನ್ನಬಸಪ್ಪನವರು ನನ್ನ ಕೈ ಹಿಡಿದು ಕೂರಿಸಿದರು.

"ಕೂಡ್ರಿ ಬೀಗರ. ಇಲ್ಲಿ ಒತ್ತಿ ಓಡಿ ಹೋಗಾಕ ಗುಂಡಿ ಇಲ್ಲ. ಕಾಲು ಇದ್ರ ಎದ್ದು ಹೋಗಬೇಕು."

"ಕೂಡಾಕ ಬಂದೀನ್ರಿ."

ಅವರು ಮಂತ್ರಿಯ ಮುಂದಿನ ಪ್ಯಾದೆಯನ್ನು ಎತ್ತಿ, ನನ್ನ ಮುಖ ನೋಡುತ್ತ, ನಿಧಾನವಾಗಿ ಎರಡು ಮನೆ ಮುಂದಿಟ್ಟರು. ಅಂಗಡಿಯಲ್ಲಿ ಎಲ್ಲರೂ ನನ್ನ ಕಾಲು ನೋಡಿದರು. ನಾನು ಚಕ್ಕಳಮಕ್ಕಳ ಗಟ್ಟಿ ಮಾಡಿಕೊಂಡು ನನ್ನ ಪ್ಯಾದೆ ನಡೆಸಿದೆ. ಅವರ ಮುಖ ಸ್ವಲ್ಪ ಸಡಿಲವಾಯಿತು. ಒಂಟೆ ಹೊರಗೆ ಬಂತು. ನಾನು ಪಕ್ಕದ ಪ್ಯಾದೆ ಸರಿಸಿದೆ. ಅವರು ನೋಡದೆಯೇ ಸಣ್ಣ ಪ್ಯಾದೆ ಕಟ್ಟಿದರು. "ಈಗ ನೋಡ್ರಿ, ಮನಿ ಹ್ಯಾಂಗ ಏಳತೈತಿ" ಎಂದು ಪರದೆಯ ಕಡೆಗೂ ಕೇಳುವಂತೆ ಹೇಳಿದರು. ನಾನು ವಜೀರನನ್ನು ತಂದು ಪಕ್ಕದಲ್ಲಿ ನಿಲ್ಲಿಸಿದೆ.

ಕುದುರೆಯ ಕಡೆ ಹೊರಟಿದ್ದ ಅವರ ಕೈ ಅರ್ಧದಲ್ಲಿ ನಿಂತಿತು. ಕೈ ಹಿಂದೆ ಹೋಯಿತು. ಹಲಗೆಯನ್ನು ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು.

"ಇದೇನ್ರೀ? ಇನ್ನಾ ಗ್ವಾಡಿನೂ ಎದ್ದಿಲ್ಲ, ಅಷ್ಟರಾಗ ವಜೀರ ಬಂದು ಬಾಗ್ಲಾಗ ನಿಂತಾನಲ್ಲ?"

"ಬರಬಾರದೇನ್ರಿ?"

"ಬರಬಹುದು. ಆದ್ರ ಇಷ್ಟು ಲಗೂನ? ಒಂದು ಮಾತಿಲ್ಲ, ಕತಿ ಇಲ್ಲ..."

ಚಹಾ ಬಂತು, ಆರಿತು. ಅವರ ಹಣೆಯ ಮೇಲೆ ವಿಭೂತಿ ಒದ್ದೆಯಾಗತೊಡಗಿತು. ಕಾಯಬೇಕಾದ ಪ್ಯಾದೆಯನ್ನು ಕಾಯಲು ದಾರಿಗಳಿದ್ದವು. ನನಗೇ ಎರಡು ಕಾಣುತ್ತಿದ್ದವು. ಆದರೆ ಅವ್ಯಾವುವೂ ಮನೆ ಕಟ್ಟುವ ಕ್ರಮದಲ್ಲಿರಲಿಲ್ಲ. ಆಗ ರಸ್ತೆಯಲ್ಲಿ ಮೂವರು ಹೆಂಗಸರು ತಮ್ಮ ಪಾಡಿಗೆ ತರಕಾರಿ ಚೀಲ ಹಿಡಿದು ಹೊರಟಿದ್ದರು. ಚನ್ನಬಸಪ್ಪನವರು ತಟ್ಟನೆ ತಲೆಯೆತ್ತಿ, "ರಂಡಮ್ಮಾ ರಂಡಿ, ಕೊತ್ತ ಡಿಜೈನ್ಲು ವಚ್ಚಾಯಿ!" ಎಂದು ತೆಲುಗಿನಲ್ಲಿ ಕೂಗಿದರು. ಬನ್ನಿ ಅಮ್ಮಾ, ಹೊಸ ಡಿಸೈನ್ ಬಂದಿವೆ ಎಂದು ಕರೆದರೆ ಯಾವ ಹೆಂಗಸು ಮುಂದೆ ಹೋದಾಳು? ಬಂದರು. ಚನ್ನಬಸಪ್ಪನವರು ಗಾದಿಯಿಂದ ಎದ್ದರು. ಒಂದು ಸೀರೆ ಬಿಚ್ಚಿದರು, ಇನ್ನೊಂದು ಬಿಚ್ಚಿದರು. ಹೆಂಗಸರು ನಮಗೆ ಏನೂ ಬೇಡ, ಸುಮ್ಮನೆ ನೋಡುತ್ತೇವೆ ಎಂದರೂ ಬಿಡದೆ ಕಪಾಟಿನ ಮೇಲಿನ ಅರೆಯಿಂದ ಇಳಿಸಿ ಬಿಚ್ಚಿದರು. ಒಂದು ಸೆರಗು ಹಾರಿ ಬಂದು ಹಲಗೆಯ ಮೇಲೆ ಬಿತ್ತು. ಇಡೀ ಯುದ್ಧಭೂಮಿ ಜರಿಯ ಕೆಳಗೆ ಹೋಯಿತು.

ವೀರೇಶ ನನ್ನ ಪಕ್ಕಕ್ಕೆ ಬಗ್ಗಿದ. ಹುಳದ ವಿಷಯವಲ್ಲದೆ ಅವನು ನನ್ನ ಜತೆ ಆಡಿದ ಮೊದಲ ಮಾತು ಅದು. "ಮಾವ, ತಪ್ಪು ತಿಳ್ಕೋಬ್ಯಾಡ್ರಿ. ಅಪ್ಪಗ ಯಾರಾದ್ರೂ ಹಿಂಗ ನಡಿಸಿದ್ರ ಆಗಂಗಿಲ್ಲ. ಮೊಬೈಲ್‌ನ್ಯಾಗೂ ವಜೀರ ಹೊರಗ ಬಂದ ಅಂದ್ರ, ಸೋತೆ ಅಂತ ಒತ್ತಿ ಹೊಸಾ ಆಟ ಹಚ್ಚತಾರ. ಕರಿ ಬಂದ್ರಂತೂ ಮುಟ್ಟಂಗೇ ಇಲ್ಲ."

ಇದನ್ನು ಭಾವ ಕೇಳಿಸಿಕೊಂಡರು. ಗೊಬ್ಬರದ ಅಂಗಡಿಯಲ್ಲಿ ರೈತರ ಎಷ್ಟೋ ಪಂಚಾಯ್ತಿ ಬಗೆಹರಿಸಿದ ಗಂಟಲು ಅವರದು; ಸರಿಪಡಿಸಿಕೊಂಡರು.

"ಬೀಗರ, ಎಲಿ ಬಿಟ್ಟು ಎದ್ರಿ."

ಸೀರೆ ಮಡಿಚುತ್ತಿದ್ದ ಚನ್ನಬಸಪ್ಪನವರ ಕೈ ನಿಂತಿತು. "ಯಾರು? ನಾನಾ? ವ್ಯಾಪಾರ ಬಂತಲ್ರೀ..."

"ಅವರದು ನೆಟ್‌ವರ್ಕ್, ನಿಮ್ದು ವ್ಯಾಪಾರ."

ಚನ್ನಬಸಪ್ಪನವರು ನನ್ನನ್ನು ನೋಡಿದರು. ನಾನು ಗೆದ್ದವನ ಮುಖ ಮಾಡಬಾರದೆಂದು ಬಹಳ ಕಷ್ಟಪಟ್ಟೆ. ಸೆರಗಿನ ಕೆಳಗೆ ಕೈ ಹಾಕಿ ನನ್ನ ವಜೀರನನ್ನು ಹಿಂದಕ್ಕೆ ಇಟ್ಟುಬಿಡಲೇ ಎಂದೂ ಒಂದು ಕ್ಷಣ ಅನ್ನಿಸಿತು. ಮೊದಲು ನಕ್ಕದ್ದು ಪರದೆಯ ಹಿಂದಿನಿಂದ, ಅವರ ಹೆಂಡತಿ. "ಹತ್ತು ಸಲ ಹೇಳೀನಿ, ಕರಿ ತಗೊಂಡು ಒಂದಾಟ ಆಡ್ರಿ ಅಂತ. ಕೇಳ್ತಾರೇನು?" ಎಂದರು. ಅದಕ್ಕೆ ಗಿರಿಜಾ, "ಎಲ್ಲಾ ಒಂದೇ ಮಣ್ಣಿನ ಗಡಿಗಿ ಅಕ್ಕ" ಎಂದಳು. ಹೆಂಗಸರಿಬ್ಬರೂ ನಕ್ಕ ಮೇಲೆ ಗಂಡಸರಿಗೆ ಸಿಟ್ಟು ಉಳಿಸಿಕೊಳ್ಳಲು ಬೇರೆ ಕೋಣೆ ಬೇಕಾಗುತ್ತದೆ; ಅದು ಅಂಗಡಿ, ಇದ್ದ ಒಂದೇ ಒಳಕೋಣೆಯಲ್ಲಿ ಆ ಹೆಂಗಸರೇ ಇದ್ದರು. ಚನ್ನಬಸಪ್ಪನವರು ಗಾದಿಗೆ ಮರಳಿ ನನ್ನ ಪಕ್ಕ ಕೂತರು, ಎದುರಿಗಲ್ಲ.

"ಸಿಟ್ಟಾಗಿದ್ದೆರಿ ಬೀಗರ. ನೀವು ನನ್ನ ಸಣ್ಣವ ಅಂತ ತಿಳ್ಕೊಂಡು ಏಳ್ತೀರಿ ಅಂತ ತಿಳ್ಕೊಂಡೆ. ಹೆದರಿ ಏಳ್ತೀರಿ ಅಂತ ಗೊತ್ತಿದ್ರ ಆವತ್ತ ನಿಶ್ಚಯ ಮಾಡ್ತಿದ್ದೆ."

ನಿಶ್ಚಯದ ದಿನ ಅಲ್ಲೇ, ಬಿಚ್ಚಿದ ಸೀರೆಗಳ ನಡುವೆ ಗೊತ್ತಾಯಿತು. ನೋಡಲು ಬಂದ ಹೆಂಗಸರು ಸಾಕ್ಷಿಗಳಾಗಿ ಸಕ್ಕರೆ ತಿಂದು ಹೋದರು. ಮುಂದೆ ಇಂಥ ತಕರಾರು ಬರಬಾರದೆಂದು ಭಾವ ಒಂದು ಫೈಸಲಾ ಮಾಡಿದರು. ಗದ್ವಾಲದವರು ಒಂಟೆಯನ್ನು ಬೇಗ ಹೊರಗೆ ತರತಕ್ಕದ್ದಲ್ಲ. ನಾರಾಯಣಪೇಟೆಯವರು ವಜೀರನನ್ನು ಬೇಗ ಹೊರಗೆ ತರತಕ್ಕದ್ದಲ್ಲ. ಎರಡೂ ಕಡೆಯವರು ಸಂತೋಷದಿಂದ ಒಪ್ಪಿದರು. ನದಿ ನೀರಿನ ಹಂಚಿಕೆಯ ಸಭೆಗಳನ್ನು ವರದಿ ಮಾಡಿ ನನಗೆ ಅನುಭವವಿದೆ: ಎರಡೂ ಕಡೆಗೆ ಪೂರ್ಣ ಸಮಾಧಾನ ತಂದ ಒಪ್ಪಂದದಲ್ಲಿ ಸಾಮಾನ್ಯವಾಗಿ ಯಾರೂ ಏನೂ ಮಾಡುವಂತಿರುವುದಿಲ್ಲ. ಇಲ್ಲೂ ಹಾಗೇ ಆಯಿತು. ಒಂಟೆ ಬಿಟ್ಟರೆ ಅವರಿಗೆ ಬೇರೆ ಆಟ ಬರದು, ವಜೀರ ಬಿಟ್ಟರೆ ನನಗೆ ಧೈರ್ಯ ಬರದು. ಬೀಗರು ಈಗ ಸಂಜೆ ಆಹ್ವಾನ ಕಳಿಸುವ ಬದಲು ಫೋನು ಮಾಡುತ್ತಾರೆ. ಆರೋಗ್ಯ ವಿಚಾರಿಸುತ್ತಾರೆ, ನೆಟ್‌ವರ್ಕ್ ಹೇಗಿದೆ ಎಂದು ಕೇಳುತ್ತಾರೆ, ಇಬ್ಬರೂ ನಗುತ್ತೇವೆ. ಬಾಂಧವ್ಯ ಇಷ್ಟು ಗಟ್ಟಿಯಾಗಿರುವುದಕ್ಕೆ ನಾವು ಆಡದೇ ಇರುವುದೇ ಕಾರಣ ಎಂದು ಭಾವ ಮಕ್ತಲ್‌ನಲ್ಲಿ ಹೇಳಿಕೊಂಡು ತಿರುಗುತ್ತಾರೆ.

ಮದುವೆ ಆಯಿತು. ಶ್ರೀದೇವಿ ಗದ್ವಾಲದಲ್ಲಿದ್ದಾಳೆ, ಅಲ್ಲೇ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಕಳೆದ ಭಾನುವಾರ ಮಧ್ಯಾಹ್ನ ಬೀಗರ ಖಾತೆಯಿಂದ ನನ್ನ ಮೊಬೈಲಿಗೆ ಒಂದು ಆಹ್ವಾನ ಬಂತು. ಫೈಸಲಾ ಮುರಿಯಿತೇ ಎಂದು ಗಾಬರಿಯಿಂದ ಒಪ್ಪಿದೆ. ನಡೆದದ್ದು ಬೀಗರು ಎಂದೂ ಮೊದಲು ಮುಟ್ಟದ ರಾಜನ ಮುಂದಿನ ಪ್ಯಾದೆ. ಕೂಡಲೇ ಗದ್ವಾಲಕ್ಕೆ ಫೋನು ಮಾಡಿದೆ. ಮಗಳು ಎತ್ತಿದಳು.

"ಮಾವನೋರು ಅಂಗಡ್ಯಾಗ ಅದಾರ ಅಪ್ಪ. ಆಡಾಕತ್ತಾಕಿ ನಾನು. ಕಲ್ತೀನಿ. ನಡಿ, ನಿಂದ ಪಾಳಿ."

ಆಟ ಹದಿನಾಲ್ಕನೆಯ ನಡೆಗೆ ಮುಗಿಯಿತು. ನನ್ನ ರಾಜನಿಗೆ ಹೋಗಲು ಮನೆ ಇರಲಿಲ್ಲ. ಇನ್ನೊಂದು ಆಟಕ್ಕೆ ಗದ್ವಾಲದಿಂದ ಆಹ್ವಾನ ಬಂದಿದೆ. ಈ ಸಾಲು ಬರೆಯುವ ಹೊತ್ತಿಗೆ ನಾನು ಅದನ್ನು ಒಪ್ಪಿಲ್ಲ, ತಿರಸ್ಕರಿಸಿಯೂ ಇಲ್ಲ.